ಬ್ಲೂಗ್ರಾಸ್ ಕಾನ್ಸರ್ಟಿಗೆ ಹೋದ್ರೆ ಬೋರಾಗತ್ತಾ?

ಸ್ಯಾನ್ ಫ್ರಾನ್ಸಿಸ್ಕೋಗೆ ಹೊಸಬರು, ಆಫೀಸಿನವ್ರು ಬ್ಲೂಗ್ರಾಸ್ ಅನ್ನೋ ಅಮೆರಿಕದ ತಂತಿವಾದ್ಯಗಳ ಹಳ್ಳಿ ಸಂಗೀತದ ಉತ್ಸವ ಹಾರ್ಡ್ಲಿ ಸ್ಟ್ರಿಕ್ಟ್ಲಿ ಬ್ಲೂಗ್ರಾಸ್‌ಗೆ ಕರೀತಿದಾರೆ, ಆ ಮ್ಯೂಸಿಕ್ಕಿನ ಗಂಧಗಾಳಿ ಇಲ್ಲ, ಹಾಡಿನ ಇಂಗ್ಲಿಷೂ ಅರ್ಥ ಆಗಲ್ಲ, ದಿನಪೂರ್ತಿ ಹುಲ್ಲಿನ ಮೇಲೆ ಕೂತು ಏನ್ ಮಾಡ್ಲಿ ಅಂತ ಕೇಳಿದೀರ. ಹೋಗಿ. ಆದ್ರೆ ನಾನು ಮೊದಲನೇ ಸಲ ಹೋದ ಹಾಗೆ ಮಾತ್ರ ಹೋಗ್ಬೇಡಿ.

ಆ ವರ್ಷ ಮಧ್ಯಾಹ್ನ ಊಟ ಮುಗಿಸಿ ಆರಾಮಾಗಿ ಕಾರಲ್ಲಿ ಹೊರಟ್ವಿ, ಗೋಲ್ಡನ್ ಗೇಟ್ ಪಾರ್ಕ್ ಸುತ್ತ ಪಾರ್ಕಿಂಗ್ ಹುಡುಕೋದ್ರಲ್ಲೇ ಮುಕ್ಕಾಲು ಗಂಟೆ ಹೋಯ್ತು, ಒಳಗೆ ಹೋದ್ರೆ ಜನಜಾತ್ರೆ, ಎಲ್ರೂ ಹೋಗ್ತಿದಾರಲ್ಲ ಅಂತ ನಾವೂ ದೊಡ್ಡ ಸ್ಟೇಜಿನ ಕಡೆ ಹೋಗಿ ಕಟ್ಟಕಡೇಲಿ ನಿಂತು ಆರಡಿ ಆಳುಗಳ ಬೆನ್ನು ನೋಡ್ಕೊಂಡು ಬಂದ್ವಿ. ಕೇಳಿಸಿದ್ದು ಡ್ರಮ್ಸು, ಎಲೆಕ್ಟ್ರಿಕ್ ಗಿಟಾರು. ಇದೇನಾ ಬ್ಲೂಗ್ರಾಸು, ಇಷ್ಟಕ್ಕೇನಾ ಇಷ್ಟೊಂದು ಗಲಾಟೆ ಅಂತ ಬೈಕೊಂಡು ಮನೆಗೆ ಬಂದೆ. ಅದು ಬ್ಲೂಗ್ರಾಸೇ ಅಲ್ಲ, ರಾಕ್ ಬ್ಯಾಂಡು ಅಂತ ಗೊತ್ತಾಗಿದ್ದು ಆಮೇಲೆ. 2001ರಲ್ಲಿ ಶುರುವಾದಾಗ ಹೆಸರು ಬರೀ ಸ್ಟ್ರಿಕ್ಟ್ಲಿ ಬ್ಲೂಗ್ರಾಸ್, ಅಂದ್ರೆ ಅಪ್ಪಟ ಬ್ಲೂಗ್ರಾಸ್ ಮಾತ್ರ, ಆಮೇಲೆ ಬೇರೆ ಬೇರೆ ಥರದವ್ರೆಲ್ಲ ಸೇರ್ಕೊಂಡ್ಮೇಲೆ ಅವ್ರೇ ಪ್ರಾಮಾಣಿಕವಾಗಿ ಮುಂದೆ ಒಂದು 'ಹಾರ್ಡ್ಲಿ', ಅಂದ್ರೆ 'ಅಷ್ಟೇನಲ್ಲ', ಸೇರಿಸ್ಕೊಂಡ್ರು. ಹಾಗಾಗಿ ಮೊದಲು ಲೈನಪ್ ನೋಡಿ, ಬ್ಯಾಂಜೋ, ಮ್ಯಾಂಡೊಲಿನ್, ಫಿಡಲ್ (ಪಿಟೀಲು) ಇರೋ ಬ್ಯಾಂಡ್ ಯಾವುದು, ಯಾವ ಸ್ಟೇಜು, ಎಷ್ಟೊತ್ತಿಗೆ ಅಂತ ಗುರುತು ಹಾಕ್ಕೊಂಡು ಹೊರಡಿ.

ಟಿಕೆಟ್ ಇಲ್ಲ, ಪೂರ್ತಿ ಫ್ರೀ. ವಾರನ್ ಹೆಲ್‌ಮನ್ ಅಂತ ಊರಿನ ದೊಡ್ಡ ದುಡ್ಡಿನ ಕುಳ, ಬ್ಯಾಂಜೋ ಹುಚ್ಚು ಹಿಡಿಸ್ಕೊಂಡು ತಾವೂ ಕಲಿತು, ಸ್ವಂತ ಖರ್ಚಲ್ಲಿ ಊರಿಗೆಲ್ಲ ಕಛೇರಿ ಮಾಡಿಸೋಕೆ ಶುರು ಮಾಡಿದ್ರು. 2011ರಲ್ಲಿ ತೀರ್ಕೊಂಡ್ರು, ಆದ್ರೆ ಮುಂದೆ ನಡೀಲಿ ಅಂತ ದುಡ್ಡು ಇಟ್ಟೇ ಹೋಗಿದ್ರು. ಪಾರ್ಕಿನ ಆ ಬಯಲಿಗೆ ಈಗ ಅವ್ರದ್ದೇ ಹೆಸರು.

ಎರಡನೇ ಸಲ ನಮ್ಮ ಮಾವನವ್ರು ಬೆಂಗಳೂರಿಂದ ಬಂದಿದ್ರು. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿ ಒಂದು ವರ್ಷನೂ ಬಿಟ್ಟವರಲ್ಲ. ಮನೇಲಿ ಬಿಟ್ಟು ಹೋಗೋಕಾಗಲ್ಲ ಅಂತ ಕರ್ಕೊಂಡ್ ಹೋದ್ವಿ, ನಿಜ ಹೇಳ್ಬೇಕಂದ್ರೆ ಅವ್ರಿಗೆ ಬೇಜಾರಾದ್ರೆ ಆ ನೆಪದಲ್ಲಿ ನಾನೂ ಬೇಗ ವಾಪಸ್ ಬರ್ಬೋದು ಅಂತ ಲೆಕ್ಕ ಹಾಕಿದ್ದೆ. ಈ ಸಲ ಬೆಳಿಗ್ಗೇನೇ ಊರಿನ ಸಿಟಿ ಟ್ರೈನಲ್ಲಿ ('ಮುನಿ' ಅಂತಾರೆ) ಹೋಗಿ, ಚಿಕ್ಕ ಸ್ಟೇಜಿನ ಪಕ್ಕಕ್ಕೆ, ನುಡಿಸೋರ ಕೈ ಕಾಣೋ ಹಾಗೆ ಕೂತ್ವಿ.

ಐದು ಜನ ಬಂದ್ರು. ಮಧ್ಯದಲ್ಲಿ ಒಂದೇ ಒಂದು ಮೈಕು. ಹಳೇ ರೇಡಿಯೋ ಕಾಲದ ಪದ್ಧತಿ ಇದು. ಯಾರ ಸರದಿಯೋ ಅವ್ರು ಮೈಕಿನ ಹತ್ರ ನುಗ್ತಾರೆ, ಮುಗಿದ ತಕ್ಷಣ ಹಿಂದೆ ಸರೀತಾರೆ, ಅಷ್ಟರಲ್ಲಿ ಇನ್ನೊಬ್ರು ಪಕ್ಕದಿಂದ ತೂರ್ಕೊಂಡು ಬಂದಿರ್ತಾರೆ, ಒಬ್ರ ಮೊಣಕೈ ಒಬ್ರಿಗೆ ತಾಗಲ್ಲ. ಎರಡು ಹಾಡು ಮುಗಿಯೋ ಹೊತ್ತಿಗೆ ಮಾವ ನನ್ನ ಕಡೆ ಬಗ್ಗಿ, "ಅಲ್ರೀ ಅಳಿಯಂದ್ರೇ, ಮೃದಂಗ ಕಾಣಿಸ್ತಿಲ್ಲ, ಡ್ರಮ್ಮೂ ಇಲ್ಲ, ತಾಳ ಎಲ್ಲಿಂದ ಬರ್ತಿದೆ?" ಅಂದ್ರು.

ನಾನು ಯಾವತ್ತೂ ಯೋಚ್ನೇನೇ ಮಾಡಿರ್ಲಿಲ್ಲ! ಆಮೇಲೆ ನೋಡ್ತಾ ನೋಡ್ತಾ ಅವ್ರೇ ಕಂಡುಹಿಡಿದ್ರು. ಆಳೆತ್ತರದ ಪಿಟೀಲಿನ ಥರದ ಬಾಸ್ ವಾದ್ಯ 'ಧುಂ' ಅಂದ್ರೆ, ಎರಡು 'ಧುಂ'ಗಳ ನಡುವೆ ಮ್ಯಾಂಡೊಲಿನ್‌ನವನು ತಂತಿ ಬಾರಿಸಿ ತಕ್ಷಣ ಎಡಗೈ ಬೆರಳು ಸಡಿಲಿಸಿ ನಾದ ಕಟ್ ಮಾಡ್ತಾನೆ, 'ಚಕ್' ಅಂತ. ಧುಂ ಚಕ್ ಧುಂ ಚಕ್. ಅದೇ ಇವ್ರ ಮೃದಂಗ. ನಮ್ಮ ಕರ್ನಾಟಕ ಸಂಗೀತದ ಯು. ಶ್ರೀನಿವಾಸ್ ಕೈಯಲ್ಲಿ ಹಾಡ್ತಿದ್ದ ಮ್ಯಾಂಡೊಲಿನ್ ಇಲ್ಲಿ ತಾಳ ಹಾಕ್ತಾ ಕೂತಿದೆಯಲ್ಲ ಅಂತ ಅವ್ರಿಗೆ ಸ್ವಲ್ಪ ಸಂಕಟ ಆಯ್ತು, ಆಮೇಲೆ ಅದರ ಸರದಿ ಬಂದು ಅದೇ ಮನುಷ್ಯ ಮಿಂಚಿನ ಹಾಗೆ ನುಡಿಸಿದಾಗ ಸಮಾಧಾನ ಆಯ್ತು. ಈ ಸರದಿಗೆ 'ಬ್ರೇಕ್' ಅಂತಾರೆ. ನಿಲ್ಲಿಸೋದಲ್ಲ, ಉಲ್ಟಾ, ಅದು ಅವ್ರವ್ರ ತನಿ. ಪಲ್ಲವಿ ಚರಣಗಳ ನಡುವೆ ಒಬ್ಬೊಬ್ರಿಗೂ ಅರ್ಧ ನಿಮಿಷ ಸಿಕ್ರೆ ಹೆಚ್ಚು, ಕಣ್ಸನ್ನೆಯಲ್ಲೇ ಕೊಡೋದು ತಗೊಳೋದು. ಬ್ರೇಕ್ ಮುಗಿದ ಕೂಡ್ಲೆ ಹಾಡಿನ ಮಧ್ಯದಲ್ಲೇ ಚಪ್ಪಾಳೆ ಹೊಡೀಬೋದು, ಸ್ವರಪ್ರಸ್ತಾರ ಮುಗಿದಾಗ ನಾವು ಹೊಡಿಯಲ್ವಾ ಹಾಗೆ.

ಬ್ಯಾಂಜೋ ಕತೆಯಂತೂ ಬೇರೆಯೇ. ಐದು ತಂತಿ, ಅದರಲ್ಲಿ ಐದನೇದು ಗಿಡ್ಡ, ಕತ್ತಿನ ಮಧ್ಯದಿಂದ ಶುರುವಾಗತ್ತೆ, ಒಂದೇ ಸ್ವರದಲ್ಲಿ ಶ್ರುತಿಯ ಹಾಗೆ ಮಿಡೀತಾ ಇರತ್ತೆ. ಗುಲಾಮರಾಗಿ ಬಂದ ಆಫ್ರಿಕಾದ ಜನರ ವಾದ್ಯದಿಂದ ಬೆಳೆದದ್ದು ಇದು, ಎಷ್ಟೋ ವರ್ಷ ಬಿಳಿಯರ ಹಳ್ಳಿವಾದ್ಯ ಅಂತಲೇ ಎಲ್ರೂ ಅಂದ್ಕೊಂಡಿದ್ರು, ರಿಯಾನನ್ ಗಿಡನ್ಸ್ ಥರದ ಕಪ್ಪು ಕಲಾವಿದರು ಈಗ ಆ ಮೂಲನ ವೇದಿಕೆ ಮೇಲೇ ನೆನಪಿಸ್ತಾರೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮೂರಕ್ಕೂ ಪಿಕ್ (ತಂತಿ ಮೀಟೋ ಉಗುರು) ಹಾಕ್ಕೊಂಡು ಉರುಳಿಸೋ ಶೈಲಿಯನ್ನ ಮನೆಮಾತು ಮಾಡಿದ್ದು ಅರ್ಲ್ ಸ್ಕ್ರಗ್ಸ್, 1945ರ ಕೊನೇಲಿ ಬಿಲ್ ಮನ್ರೋ ಅವ್ರ ಬ್ಯಾಂಡಿಗೆ ಸೇರಿದ್ಮೇಲೆ. ಮನ್ರೋ ಕೆಂಟಕಿಯವರು, ಆ ರಾಜ್ಯಕ್ಕೆ 'ಬ್ಲೂಗ್ರಾಸ್ ಸ್ಟೇಟ್' ಅಂತ ಅಡ್ಡಹೆಸರು, ಹಾಗಾಗಿ ಬ್ಯಾಂಡಿನ ಹೆಸರು ಬ್ಲೂ ಗ್ರಾಸ್ ಬಾಯ್ಸ್, ಅದೇ ಹೆಸರು ಇಡೀ ಸಂಗೀತಕ್ಕೆ ಬಂತು. ಅಂದ್ರೆ ಇದು 'ಜಾನಪದ' ಅಂತ ಕರೆಸ್ಕೊಂಡ್ರೂ ತಾತನ ತಾತನ ಕಾಲದ್ದೇನಲ್ಲ, ಆ ಬ್ಯಾಂಡು ನ್ಯಾಶ್‌ವಿಲ್ಲಿನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಶೋಗೆ ಬಂದಿದ್ದು 1939ರಲ್ಲಿ. ಕೋಟೆ ಮೈದಾನದ ರಾಮನವಮಿ ಕಛೇರಿ ಶುರುವಾಗಿದ್ದೂ 1939. ಇದನ್ನ ಹೇಳಿದ್ಮೇಲೆ ಮಾವ ಆ ಐದು ಜನರನ್ನ ನೆಂಟರ ಥರ ನೋಡೋಕೆ ಶುರು ಮಾಡಿದ್ರು.

ಸಾಹಿತ್ಯದ ಚಿಂತೆ ಬಿಡಿ. ಕುಣಿಯೋ ಹಾಗಿರೋ ರಭಸದ ಹಾಡಲ್ಲಿ ಕೂಡ ಅರ್ಥ ನೋಡಿದ್ರೆ ಅಮ್ಮ ಸತ್ತಿರ್ತಾಳೆ, ಇಲ್ಲ ಬೆಟ್ಟದ ಊರು ಬಿಟ್ಟು ಹೋದವನು ವಾಪಸ್ ಬರೋಕಾಗ್ದೆ ಅಳ್ತಿರ್ತಾನೆ, ಇಲ್ಲ ಕೊಲೆ. ನಮ್ಮ ಲಾವಣಿಗಳಲ್ಲೂ ಇದೆಲ್ಲ ಇದ್ದದ್ದೇ. ಮೇಲಿನ ಸ್ಥಾಯಿಯಲ್ಲಿ ಎಳೆದು ಹಾಡೋ ಆ ದನಿಗೆ ಇವ್ರು 'ಹೈ ಲೋನ್ಸಮ್' ಅಂತಾರೆ, ಅದು ಕಿವಿಗೆ ಬಿದ್ರೆ ಸಾಕು, ಡಿಕ್ಷನರಿ ಬೇಡ.

ಮತ್ತೆ ದಾರೀಲಿ ಮರದ ಕೆಳಗೆ ನಾಲ್ಕೈದು ಜನ ಸುತ್ತ ನಿಂತು ನುಡಿಸ್ತಾ ಇದ್ರೆ ದಾಟ್ಕೊಂಡು ಹೋಗ್ಬೇಡಿ, ನಿಂತು ನೋಡಿ. ಯಾರಾದ್ರೂ ಒಂದು ಕಾಲು ಎತ್ತಿದ್ರೆ ಹಾಡು ಮುಗೀತು ಅಂತ ಅರ್ಥ, ಎಲ್ರೂ ಒಟ್ಟಿಗೆ ಟಕ್ ಅಂತ ನಿಲ್ಸ್ತಾರೆ. ನಂಗೆ ಸ್ಟೇಜಿಗಿಂತ ಇದೇ ಹೆಚ್ಚು ಖುಷಿ ಕೊಟ್ಟಿದ್ದು.

ಊಟಕ್ಕೆ ಚಿತ್ರಾನ್ನ ಕಟ್ಕೊಂಡು ಹೋಗಿ, ಅಲ್ಲಿನ ಸ್ಟಾಲುಗಳಲ್ಲಿ ಕ್ಯೂ ದೊಡ್ಡದು. ಸ್ವೆಟರ್ ಕಡ್ಡಾಯ. ಅಕ್ಟೋಬರ್ ಮಧ್ಯಾಹ್ನದ ಬಿಸಿಲು ನಂಬ್ಕೊಂಡು ನಾವು ತಗೊಂಡು ಹೋಗಿರ್ಲಿಲ್ಲ, ಸಂಜೆ ಸಮುದ್ರದ ಕಡೆಯಿಂದ ಮಂಜು ಇಳಿದಾಗ ಕೂರೋಕೆ ಹಾಸಿದ್ದ ಜಮಖಾನನೇ ಎಳೆದು ಮಾವನವ್ರಿಗೆ ಹೊದಿಸಿದ್ವಿ, ನಾವಿಬ್ರೂ ಒದ್ದೆ ಹುಲ್ಲಿನ ಮೇಲೆ ನಡುಗ್ತಾ ಕೂತಿದ್ವಿ. ಎದ್ದು ಹೋಗೋಣ್ವಾ ಅಂತ ಎರಡು ಸಲ ಕೇಳ್ದೆ. "ಆ ಬ್ಯಾಂಜೋನವನ ತನಿ ಆಗ್ಲಿ ತಡೀರಿ" ಅಂದ್ರು.