ಚಂದ್ರ ತಿರುಗುತ್ತಾನೆ, ಆದರೂ ಒಂದೇ ಮುಖ

"ಚಂದ್ರನ ಒಂದೇ ಮುಖ ಕಾಣುತ್ತೆ ಅಂದ್ರೆ ಅವನು ತನ್ನ ಸುತ್ತ ತಿರುಗೋದೇ ಇಲ್ವಾ? ಏಳನೇ ಕ್ಲಾಸಿನ ಮಗಳಿಗೆ ಏನು ಹೇಳಲಿ?" ಅಂತ ಕೇಳಿದ್ದೀರಿ. ತಿರುಗುತ್ತಾನೆ. ತಿರುಗದೇ ಇದ್ದಿದ್ದರೆ ತಿಂಗಳೊಪ್ಪತ್ತಿನಲ್ಲಿ ಅವನ ಎಲ್ಲ ಮುಖವೂ ನಮಗೆ ಕಾಣುತ್ತಿತ್ತು.

ಬಾಯಲ್ಲಿ ವಿವರಿಸಬೇಡಿ, ಮಾಡಿಸಿ. ಕೋಣೆಯ ನಡುವೆ ಕುರ್ಚಿ ಇಟ್ಟು, ಅದನ್ನೇ ನೋಡುತ್ತಾ ಅದರ ಸುತ್ತ ಒಂದು ಸುತ್ತು ಬರಲಿ. ಶುರುವಿನಲ್ಲಿ ಅವಳ ಬೆನ್ನು ಕಿಟಕಿಗಿದ್ದರೆ, ಅರ್ಧ ಸುತ್ತಿಗೆ ಮುಖ ಕಿಟಕಿಗೆ ಬಂದಿರುತ್ತದೆ. ಅಂದರೆ ಕುರ್ಚಿಯನ್ನು ಸುತ್ತುವಷ್ಟರಲ್ಲಿ ತಾನೂ ಒಂದು ಸುತ್ತು ತಿರುಗಿರುತ್ತಾಳೆ. ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಅವಳ ಬೆನ್ನು ಕಾಣುವುದೇ ಇಲ್ಲ. ಚಂದ್ರನಿಗೆ ಈ ಎರಡಕ್ಕೂ ಹಿಡಿಯುವುದು ಸುಮಾರು 27.3 ದಿನ.

ಇದು ಕಾಕತಾಳೀಯ ಅಲ್ಲ. ಬಹಳ ಹಿಂದೆ ಚಂದ್ರ ಇನ್ನೂ ಬೇಗ ತಿರುಗುತ್ತಿದ್ದ. ಭೂಮಿಯ ಗುರುತ್ವ ಅವನ ಮೈಯನ್ನು ತುಸು ಉಬ್ಬಿಸಿ, ಆ ಉಬ್ಬನ್ನು ತನ್ನ ಕಡೆಗೇ ಎಳೆದೂ ಎಳೆದೂ ವೇಗ ತಗ್ಗಿಸಿತು. ಅಂದ ಹಾಗೆ, ನಮಗೆ ಕಾಣಸಿಗುವುದು ಬರೀ ಅರ್ಧ ಅಲ್ಲ. ಚಂದ್ರ ಸ್ವಲ್ಪ ಓಲಾಡಿದಂತೆ ಕಾಣುವುದರಿಂದ ಒಟ್ಟಾರೆ ಶೇ. 59ರಷ್ಟು ಮೈ ನೋಡಬಹುದು.

ಆಚೆ ಮುಖದಲ್ಲಿ ಸದಾ ಕತ್ತಲು ಅನ್ನೋದನ್ನು ಮಾತ್ರ ದಯವಿಟ್ಟು ಕಲಿಸಬೇಡಿ. ನಮ್ಮ ಅಮಾವಾಸ್ಯೆಯ ದಿನ ಅಲ್ಲಿ ಪೂರ್ತಿ ಬಿಸಿಲು! ಆ ಬದಿಯ ಮೊದಲ ಚಿತ್ರ ತೆಗೆದದ್ದು 1959ರಲ್ಲಿ ಸೋವಿಯತ್ ನೌಕೆ ಲೂನಾ 3. ಮೆತ್ತಗೆ ಇಳಿಯಲು 2019ರ ಜನವರಿವರೆಗೆ ಕಾಯಬೇಕಾಯಿತು, ಚೀನಾದ ಚಾಂಗ್ಎ 4 ಅದನ್ನು ಸಾಧಿಸಿತು. ಅಲ್ಲಿಂದ ಭೂಮಿ ಕಾಣದ ಕಾರಣ ರೇಡಿಯೋ ಸಂದೇಶವನ್ನು ಬೇರೊಂದು ಉಪಗ್ರಹದ ಮೂಲಕ ದಾಟಿಸುತ್ತಾರೆ.