ಪಿಎಸ್‌ಪಿಯ ಚಿಪ್ ಬದಲಿಸಿದರೆ ಹಳೆಯ ಫರ್ಮ್‌ವೇರ್ ಸಿಗುತ್ತಾ?

ಪ್ರಶ್ನೆ: ಸರ್, 2006ರಲ್ಲಿ ನಮ್ಮ ಮಾವ ದುಬೈಯಿಂದ ತಂದುಕೊಟ್ಟ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಸೋನಿ ಪಿಎಸ್‌ಪಿ-1000 ನನ್ನ ಹತ್ತಿರ ಇನ್ನೂ ಇದೆ. ಆದರೆ ಅದರ ಪುಟ್ಟ ಗೇಮ್ ಡಿಸ್ಕ್ ಓದುವ ಯುಎಂಡಿ ಡ್ರೈವ್ ಕರಕರ ಅನ್ನುತ್ತಿದೆ, ಕೆಲವು ಡಿಸ್ಕ್ ಓದುವುದೇ ಇಲ್ಲ. ಇರುವ ಆಟಗಳನ್ನು ಮೆಮೊರಿ ಸ್ಟಿಕ್‌ಗೆ ಹಾಕಿಕೊಂಡು ಆಡಬೇಕು ಅಂತ ಆಸೆ. ಅದಕ್ಕೆ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ಸಾಫ್ಟ್‌ವೇರ್) 1.50 ಇರಬೇಕಂತೆ. ನನ್ನದರಲ್ಲಿ 6.61 ಇದೆ. ಮೊಬೈಲ್ ರಿಪೇರಿ ಮಾಡುವ ಗೆಳೆಯನ ಬಳಿ 1.50 ಇದ್ದ, ಸ್ಕ್ರೀನ್ ಒಡೆದ ಇನ್ನೊಂದು ಪಿಎಸ್‌ಪಿ ಇದೆ. ಅದರ ಫ್ಲ್ಯಾಶ್ ಚಿಪ್ ಕಿತ್ತು ನನ್ನದಕ್ಕೆ ಕೂರಿಸುತ್ತೇನೆ ಅಂತಿದ್ದಾನೆ. ಮಾಡಿಸಬಹುದಾ? – ಹಾಸನದ ಓದುಗರು

ಉತ್ತರ: ದಯವಿಟ್ಟು ಮಾಡಿಸಬೇಡಿ. ನಿಮ್ಮ ಗೆಳೆಯರ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಮೊಬೈಲ್ ಬೋರ್ಡ್ ಮೇಲೆ ಕೆಲಸ ಮಾಡುವವರಿಗೆ ಚಿಪ್ ಎತ್ತುವುದು, ಅಡಿಯ ಸೋಲ್ಡರ್ ಗುಂಡುಗಳನ್ನು ಹೊಸದಾಗಿ ಹಾಕಿ (ರೀಬಾಲ್ ಮಾಡಿ) ಕೂರಿಸುವುದು ದಿನನಿತ್ಯದ ಕೆಲಸ. ತೊಂದರೆ ಇರುವುದು ಆ ಚಿಪ್ ಒಳಗೆ.

ಪಿಎಸ್‌ಪಿ-1000ದಲ್ಲಿ ಫರ್ಮ್‌ವೇರ್ ಕೂತಿರುವುದು 32 ಎಂಬಿಯ ನ್ಯಾಂಡ್ ಎನ್ನುವ ಬಗೆಯ ಫ್ಲ್ಯಾಶ್ ಮೆಮೊರಿಯಲ್ಲಿ. ಅದೇ ಪ್ಯಾಕೇಜ್‌ನಲ್ಲಿ ಯಂತ್ರದ 32 ಎಂಬಿ ರ‍್ಯಾಮ್ ಕೂಡ ಇದೆ. ಅಂದರೆ ಫ್ಲ್ಯಾಶ್ ಕಿತ್ತರೆ ರ‍್ಯಾಮ್ ಕೂಡ ಜೊತೆಗೇ ಬರುತ್ತದೆ. ಕೂರಿಸುವಾಗ ಅಡಿಯ ಒಂದು ಬಾಲ್ ಸರಿಯಾಗಿ ಹಿಡಿಯದಿದ್ದರೂ ಯಂತ್ರ ಆನ್ ಆಗಲ್ಲ.

ಸರಿ, ಕೂರಿಸುವುದು ಚೆನ್ನಾಗಿಯೇ ಆಯಿತು ಅಂದುಕೊಳ್ಳಿ. ಆ ನ್ಯಾಂಡ್‌ನಲ್ಲಿ ಫರ್ಮ್‌ವೇರ್ ಒಂದೇ ಇರುವುದಿಲ್ಲ. ಮೊದಲಿಗೆ ಐಪಿಎಲ್ ಎನ್ನುವ ಬೂಟ್ ಭಾಗ, ಆಮೇಲೆ ಐಡಿ ಸ್ಟೋರೇಜ್ ಎನ್ನುವ ಸಣ್ಣ ಜಾಗ, ನಂತರ ಸಿಸ್ಟಮ್ ಫೈಲ್‌ಗಳು ಮತ್ತು ನಿಮ್ಮ ಸೆಟ್ಟಿಂಗ್‌ಗಳು. ಇದರಲ್ಲಿ ಐಡಿ ಸ್ಟೋರೇಜ್ ಬಹಳ ಮುಖ್ಯ. ವೈಫೈ ವಿಳಾಸ, ಯಾವ ದೇಶದ ಯಂತ್ರ ಎಂಬ ಗುರುತು, ಯುಎಂಡಿ ಓದಲು ಬೇಕಾದ ಕೀಗಳು ಎಲ್ಲ ಅಲ್ಲಿವೆ. ಫ್ಯಾಕ್ಟರಿಯಲ್ಲಿ ಆಯಾ ಯಂತ್ರಕ್ಕೆ ಅಂತಲೇ ಬರೆದಿಟ್ಟ ಮಾಹಿತಿ ಅದು. ಗೆಳೆಯರ ಪಿಎಸ್‌ಪಿಯ ಚಿಪ್ ತಂದರೆ ಅದರ ಗುರುತೂ ಜೊತೆಗೆ ಬರುತ್ತದೆ, ನಿಮ್ಮ ಬೋರ್ಡಿಗೆ ಅದು ಹೊಂದುವುದಿಲ್ಲ.

ಚಿಪ್ ದಾರಿ ಹಿಡಿದವರು ಹಿಂದೆ ಇರಲಿಲ್ಲ ಅಂತಲ್ಲ. 2006ರಲ್ಲಿ ಅನ್‌ಡೈಲ್ಯೂಟೆಡ್ ಪ್ಲಾಟಿನಮ್ ಎನ್ನುವ ಮಾಡ್‌ಚಿಪ್ ಬಂದಿತ್ತು. ಬೋರ್ಡಿನ ಮೇಲೆ ಸೋಲ್ಡರ್ ಮಾಡಿದರೆ ಎರಡನೇ ಫ್ಲ್ಯಾಶ್ ಸಿಗುತ್ತಿತ್ತು, ಎರಡು ಫರ್ಮ್‌ವೇರ್ ಇಟ್ಟುಕೊಳ್ಳಬಹುದಿತ್ತು. ಅಲ್ಲೂ ಬಳಸುತ್ತಿದ್ದದ್ದು ಆಯಾ ಪಿಎಸ್‌ಪಿಯ ಸ್ವಂತ ನ್ಯಾಂಡ್‌ನ ಪ್ರತಿಯನ್ನೇ. ಬೇರೆಯವರ ಚಿಪ್ ಅಲ್ಲ.

2007ರಲ್ಲಿ ಪಂಡೋರಾ ಬ್ಯಾಟರಿ ಬಂದ ಮೇಲೆ ಆ ಕಷ್ಟವೂ ಬೇಡವಾಯಿತು. ನನಗೆ ಇವತ್ತಿಗೂ ಖುಷಿ ಕೊಡುವ ಉಪಾಯ ಅದು. ಪಿಎಸ್‌ಪಿಯ ಬ್ಯಾಟರಿ ಒಳಗೆ ಒಂದು ಪುಟ್ಟ ಚಿಪ್ ಇದೆ, ಅದರಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಆ ನಂಬರ್ ಪೂರ್ತಿ ಎಫ್ ಅಕ್ಷರಗಳಾದರೆ, ಇದು ಸರ್ವಿಸ್ ಸೆಂಟರ್‌ನ ಬ್ಯಾಟರಿ ಅಂತ ಪಿಎಸ್‌ಪಿ ತಿಳಿಯುತ್ತದೆ. ಆಗ ನ್ಯಾಂಡ್ ಬಿಟ್ಟು ಮೆಮೊರಿ ಸ್ಟಿಕ್‌ನಿಂದ ಬೂಟ್ ಆಗುತ್ತದೆ. ಸತ್ತುಹೋಗಿದೆ ಅಂತ ಬಿಟ್ಟಿದ್ದ ಎಷ್ಟೋ ಯಂತ್ರಗಳು ಇದರಿಂದ ಎದ್ದು ಕೂತವು. ನಿಮ್ಮ 1000 ಮಾದರಿಯಲ್ಲಿ ಇದು ನಡೆಯುತ್ತದೆ. ಪಿಎಸ್‌ಪಿ-2000ದ ಕೊನೆಯ ಬೋರ್ಡ್‌ಗಳಲ್ಲಿ, 3000ದಲ್ಲಿ ಸೋನಿ ಇದನ್ನು ತಡೆದಿತ್ತು.

ಹಾಗಾದರೆ ಪಂಡೋರಾ ಮಾಡಿಕೊಂಡು 1.50ಕ್ಕೆ ಇಳಿಯಲಾ ಅಂತ ಕೇಳಬಹುದು. ಅದೂ ಬೇಡ. 1.50 ಬೇಕು ಅನ್ನುವುದು 2005-06ರ ಕಾಲದ ಮಾತು. ಆಗ ಹೋಂಬ್ರೂ, ಅಂದರೆ ಸೋನಿಯ ಒಪ್ಪಿಗೆ ಇಲ್ಲದೆ ಹವ್ಯಾಸಿಗಳು ಬರೆದ ಪ್ರೋಗ್ರಾಂಗಳು, ಓಡುತ್ತಿದ್ದದ್ದು ಹಳೆಯ ಫರ್ಮ್‌ವೇರ್‌ಗಳಲ್ಲೇ, ಅದಕ್ಕೇ ಜನ ಡೌನ್‌ಗ್ರೇಡ್ ಹಿಂದೆ ಬಿದ್ದಿದ್ದರು. ಆ ಆತುರದಲ್ಲಿ ಕಳೆದುಕೊಂಡವರೂ ಇದ್ದರು. 2005ರ ಅಕ್ಟೋಬರ್‌ನಲ್ಲಿ, ಡೌನ್‌ಗ್ರೇಡ್ ಮಾಡುತ್ತೇನೆ ಅಂತ ವೇಷ ಹಾಕಿಕೊಂಡು ಬಂದ ಒಂದು ಟ್ರೋಜನ್ ಸಿಸ್ಟಮ್ ಫೈಲ್‌ಗಳನ್ನೇ ಅಳಿಸಿಹಾಕುತ್ತಿತ್ತು. ಟಿಎ-082 ಎನ್ನುವ ಬೋರ್ಡ್ ಇದ್ದವರು ಏನೂ ಗೊತ್ತಿಲ್ಲದೆ 1.50 ಹಾಕಿ ಯಂತ್ರವನ್ನು ಬ್ರಿಕ್ ಮಾಡಿಕೊಂಡರು, ಅಂದರೆ ಅದು ಆನ್ ಆಗದೆ ಇಟ್ಟಿಗೆಯಂತಾಯಿತು. ನಿಮ್ಮದು 2006ರದ್ದು ಅಂದಿರಿ, ಅಂದರೆ ಅದೇ ಬೋರ್ಡ್ ಇರಬಹುದು.

ಈಗ 6.61ರಲ್ಲೇ ನಿಮ್ಮ ಕೆಲಸ ಆಗುತ್ತದೆ. ಅದು 2015ರಲ್ಲಿ ಬಂದ ಕೊನೆಯ ಅಧಿಕೃತ ಆವೃತ್ತಿ. ಆರ್ಕ್-4 ಎನ್ನುವ ಕಸ್ಟಮ್ ಫರ್ಮ್‌ವೇರ್ (ಹವ್ಯಾಸಿಗಳು ಮಾರ್ಪಡಿಸಿದ ಫರ್ಮ್‌ವೇರ್) ಅದರ ಮೇಲೆ ನೇರ ಓಡುತ್ತದೆ. ಫೈಲ್‌ಗಳನ್ನು ಮೆಮೊರಿ ಸ್ಟಿಕ್‌ಗೆ ಹಾಕಿ, ಗೇಮ್ ಮೆನುವಿನಿಂದ ಶುರು ಮಾಡಿದರೆ ಸಾಕು. ಪೂರ್ತಿ ಆಫ್ ಮಾಡಿದರೆ ಮತ್ತೆ ಶುರು ಮಾಡಬೇಕು, ಸ್ಲೀಪ್‌ಗೆ ಹಾಕಿದರೆ ಬೇಕಿಲ್ಲ. ಸ್ಕ್ರೂ ಬಿಚ್ಚುವ ಹಾಗೇ ಇಲ್ಲ. ಅದು ಶಾಶ್ವತವಾಗಿ ಇರಲಿ ಅನ್ನುವವರಿಗೆ ಬೇರೆ ದಾರಿಗಳಿವೆ, ಆದರೆ ಅವು ನ್ಯಾಂಡ್‌ಗೆ ಬರೆಯುತ್ತವೆ. ಮೊದಲೇ ಅದಕ್ಕೆ ಹೋಗಬೇಡಿ.

ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಕಸ್ಟಮ್ ಫರ್ಮ್‌ವೇರ್ ಓಡಲು ಶುರುವಾದ ತಕ್ಷಣ ನ್ಯಾಂಡ್ ಡಂಪ್, ಅಂದರೆ ಇಡೀ ನ್ಯಾಂಡ್‌ನ ಪ್ರತಿ, ತೆಗೆಯಿರಿ. ಅದಕ್ಕೆಂದೇ ಪುಟ್ಟ ಹೋಂಬ್ರೂಗಳಿವೆ. ಫೈಲ್ ಸುಮಾರು 33 ಎಂಬಿ ಬರುತ್ತದೆ. ಎರಡು ಸಲ ತೆಗೆದು ಒಂದನ್ನೊಂದು ಹೋಲಿಸಿ, ಬೇರೆ ಬೇರೆ ಕಡೆ ಇಟ್ಟುಕೊಳ್ಳಿ. ಹಿಂದೊಮ್ಮೆ ಡಂಪ್ ಇಲ್ಲದೆ ನಾನೇ ಒಂದು ಯಂತ್ರದ ಫ್ಲ್ಯಾಶ್ ಅಳಿಸಿ ಹೊಸದಾಗಿ ಬರೆದೆ. ಫರ್ಮ್‌ವೇರ್ ಬಂತು, ಐಡಿ ಸ್ಟೋರೇಜ್ ಹೋಯಿತು. ಆ ಯಂತ್ರ ಮತ್ತೆ ಒಂದು ಯುಎಂಡಿಯನ್ನೂ ಓದಲಿಲ್ಲ. ಅದು ಇನ್ನೊಬ್ಬರದ್ದು, ಆ ಬೇಸರ ನನಗೆ ಇನ್ನೂ ಇದೆ.

ಡಿಸ್ಕ್ ಕಾಪಿ ಮಾಡುವುದು ಸುಲಭ. ಕಸ್ಟಮ್ ಫರ್ಮ್‌ವೇರ್‌ನ ಮೆನುವಿನಲ್ಲಿ ಯುಎಸ್‌ಬಿ ಡಿವೈಸ್ ಅಂತ ಇರುವಲ್ಲಿ ಯುಎಂಡಿ ಆರಿಸಿ, ಕಂಪ್ಯೂಟರ್‌ಗೆ ಕೇಬಲ್ ಹಾಕಿ. ಡಿಸ್ಕ್ ಒಂದು ಐಎಸ್‌ಒ ಫೈಲ್ ಆಗಿ ಕಾಣುತ್ತದೆ. ಅದನ್ನು ಮೆಮೊರಿ ಸ್ಟಿಕ್‌ನ ಐಎಸ್‌ಒ ಫೋಲ್ಡರ್‌ಗೆ ಹಾಕಿ. ಒಂದು ಯುಎಂಡಿ ಜಾಸ್ತಿ ಅಂದರೆ 1.8 ಜಿಬಿ. ನಿಮ್ಮ ಸ್ವಂತ ಡಿಸ್ಕ್‌ಗಳಷ್ಟಕ್ಕೇ ನಿಲ್ಲಿಸಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ, ಕೃತಿಸ್ವಾಮ್ಯ ಕಾಪಾಡಲು ಹಾಕಿದ ತಾಂತ್ರಿಕ ರಕ್ಷಣೆ ಮುರಿಯುವುದು ಅಪರಾಧ.

ಬ್ಯಾಟರಿ ಮುಚ್ಚಳ ತೆಗೆದು ಒಮ್ಮೆ ನೋಡಿ. ಇಷ್ಟು ಹಳೆಯ ಬ್ಯಾಟರಿ ಉಬ್ಬಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಗೆಳೆಯರ ಒಡೆದ ಪಿಎಸ್‌ಪಿಯನ್ನು ಹಾಗೇ ಇಟ್ಟುಕೊಳ್ಳಲು ಹೇಳಿ. ಅದೂ 1000 ಮಾದರಿಯೇ ಆದರೆ ಅದರ ಯುಎಂಡಿ ಡ್ರೈವ್ ನಿಮಗೆ ಚಿಪ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರಬಹುದು. ನಿಮ್ಮ ಡ್ರೈವ್ ಓದುತ್ತಿರುವಷ್ಟು ದಿನದಲ್ಲೇ, ಓದುತ್ತಿರುವ ಡಿಸ್ಕ್‌ಗಳಿಂದ ಶುರು ಮಾಡಿ.