ಮೂರೂವರೆ ಲಕ್ಷ ಕೊಟ್ಟು ಸಿ.ಡಿ. ಪ್ಲೇಯರ್ ತಗೊಳ್ಳಬಹುದಾ?

ನೀವು ಬರೆದಿರುವುದು ಇಷ್ಟು: ಮನೆಯಲ್ಲಿ ಆರುನೂರರಷ್ಟು ಸಿ.ಡಿ.ಗಳಿವೆ. ಹೆಚ್ಚಿನವು ಹಿಂದೂಸ್ತಾನಿ, ಉಳಿದದ್ದು ಕರ್ನಾಟಕ ಸಂಗೀತ, ಭಾವಗೀತೆ. ಈಗ ಹಳೆಯ ಡಿ.ವಿ.ಡಿ. ಪ್ಲೇಯರಿನಲ್ಲಿ ಹಾಕಿ ಕೇಳುತ್ತೀರಿ. ಆಂಪ್ಲಿಫೈಯರ್, ಸ್ಪೀಕರ್ ಎರಡೂ ಹದಿನೈದು ವರ್ಷ ಹಳೆಯವು, ಹಾಲ್ 12×14 ಅಡಿ. ಬೆಂಗಳೂರಿನ ಶೋರೂಮೊಂದರಲ್ಲಿ ಮೂರೂವರೆ ಲಕ್ಷದ ಪ್ಲೇಯರ್ ಕೇಳಿಸಿದರು, ತಂಬೂರಿಯ ನಾದವೇ ಬೇರೆ ಅನ್ನಿಸಿತು, ಅಂದಿನಿಂದ ನಿದ್ದೆ ಇಲ್ಲ.

ನಾದಕ್ಕೋಸ್ಕರ ಕೊಳ್ಳುವುದಾದರೆ ಬೇಡ ಅನ್ನುತ್ತೇನೆ. ಆ ವಸ್ತುವಿನ ಮೇಲೇ ಮನಸ್ಸಾಗಿದ್ದರೆ ಕೊಳ್ಳಿ, ತಪ್ಪೇನಿಲ್ಲ. ಆದರೆ ದುಡ್ಡು ಕೊಡುವ ಮುಂಚೆ ಅಂಗಡಿಯವರಿಗೆ ಒಂದು ಮಾತು ಕೇಳಿ: "ಇದರ ಲೇಸರ್ ಪಿಕಪ್, ಅಂದರೆ ಡಿಸ್ಕ್ ಓದುವ ಭಾಗ, ಯಾವುದು? ಅದು ಹೋದರೆ ಹೊಸದನ್ನು ಯಾರು ಹಾಕಿಕೊಡುತ್ತಾರೆ?" ಡ್ಯಾಕ್ ಚಿಪ್ಪಿನ (ಡಿಸ್ಕಿನ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿಸುವ ಚಿಪ್) ಬಗ್ಗೆ ಅರ್ಧ ಗಂಟೆ ಮಾತಾಡುವವರು ಈ ಪ್ರಶ್ನೆಗೆ ತಡವರಿಸುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾದದ ವಿಷಯ. 1980ರಲ್ಲಿ ಫಿಲಿಪ್ಸ್ ಮತ್ತು ಸೋನಿ ಕೂಡಿ ಗೊತ್ತು ಮಾಡಿದ ನಿಯಮವೇ ಇವತ್ತಿಗೂ ಸಿ.ಡಿ.ಯ ನಿಯಮ. ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಅಳತೆ), ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. 1982ರಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ಸೋನಿಯ ಸಿಡಿಪಿ-101 ಓದುತ್ತಿದ್ದದ್ದು ಅದನ್ನೇ, ನೀವು ನೋಡಿಬಂದ ಪೆಟ್ಟಿಗೆ ಓದುವುದೂ ಅದನ್ನೇ. ಡಿಸ್ಕಿನಲ್ಲಿ ಇಲ್ಲದ್ದನ್ನು ಯಾವ ಪ್ಲೇಯರೂ ಹುಟ್ಟಿಸಲಾರದು. ಇರುವುದನ್ನು ಸರಿಯಾಗಿ ಓದುವುದಂತೂ ಈಗ ಕಷ್ಟದ ಕೆಲಸವಲ್ಲ. ಟ್ರ್ಯಾಕಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಮಾಹಿತಿ ಒಟ್ಟಿಗೆ ಅಳಿಸಿಹೋದರೂ ಅದನ್ನು ಲೆಕ್ಕ ಹಾಕಿ ಹಾಗೇ ಮರಳಿ ಪಡೆಯುವ ಏರ್ಪಾಡು ಆ ನಿಯಮದೊಳಗೇ ಇದೆ. ಗೀರಿಲ್ಲದ ಡಿಸ್ಕನ್ನು ನಿಮ್ಮ ಡಿ.ವಿ.ಡಿ. ಪ್ಲೇಯರ್ ಓದಿದರೂ ಲಕ್ಷದ ಪ್ಲೇಯರ್ ಓದಿದರೂ ಬರುವ ಅಂಕಿಗಳು ಒಂದೇ.

ಆಮೇಲೆ ಆ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿಸುವ ಕೆಲಸ, ಅಂದರೆ ಡ್ಯಾಕ್. ಮೊದಲ ಕಾಲದಲ್ಲಿ ಇಲ್ಲಿ ನಿಜವಾದ ವ್ಯತ್ಯಾಸಗಳಿದ್ದವು. ಫಿಲಿಪ್ಸ್‌ನವರ ಹತ್ತಿರ ಆಗ ಇದ್ದದ್ದು 14 ಬಿಟ್ ಚಿಪ್. ಅದರಿಂದಲೇ 16 ಬಿಟ್ಟಿನ ಫಲಿತಾಂಶ ತೆಗೆಯಲು ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ (ಸ್ಯಾಂಪಲುಗಳ ನಡುವೆ ಲೆಕ್ಕ ಹಾಕಿ ಇನ್ನಷ್ಟು ಸ್ಯಾಂಪಲ್ ಸೇರಿಸುವುದು) ಮಾಡಿದರು, ಚೆನ್ನಾಗಿಯೇ ಮಾಡಿದರು. ಈಗ ಆ ಪಾಡಿಲ್ಲ. 16 ಬಿಟ್ ಕೊಡಬಲ್ಲ ವ್ಯಾಪ್ತಿ (ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನದರ ತನಕದ ಅಂತರ) ಸುಮಾರು 96 ಡೆಸಿಬೆಲ್, ಅದನ್ನು ಮೀರಿ ಕೆಲಸ ಮಾಡುವ ಚಿಪ್ಪುಗಳು ಕೆಲವು ಸಾವಿರದ ಪುಟ್ಟ ಡ್ಯಾಕುಗಳಲ್ಲೇ ಕೂತಿವೆ. ಜಿಟ್ಟರ್ (ಅಂಕಿಗಳು ಬರುವ ಸಮಯದಲ್ಲಿ ಆಗುವ ಸಣ್ಣ ಏರುಪೇರು) ಅಂತ ಹೆದರಿಸುವವರೂ ಸಿಗುತ್ತಾರೆ. ಇಂದಿನ ಸಾಧಾರಣ ಸಲಕರಣೆಯಲ್ಲಿ ಅದು ಪಿಕೊಸೆಕೆಂಡುಗಳ ಲೆಕ್ಕ, ಸಂಗೀತದಲ್ಲಿ ಕಿವಿಗೆ ತಾಕಬೇಕಾದರೆ ನ್ಯಾನೊಸೆಕೆಂಡುಗಳಿಗೆ ಹೋಗಬೇಕು. ಆ 96 ಡೆಸಿಬೆಲನ್ನಾದರೂ ಪೂರ್ತಿ ಅನುಭವಿಸುವವರು ಯಾರು? ರಾತ್ರಿ ಹನ್ನೊಂದರ ನಿಶ್ಶಬ್ದ ಕೋಣೆಯಲ್ಲೂ ಮೂವತ್ತು ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಹಗಲು ಹೊತ್ತು, ಫ್ಯಾನ್ ತಿರುಗುತ್ತಾ, ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಇರುವಾಗಿನ ಮಾತೇ ಬೇಡ.

ಒಂದು ವಿಷಯ ಮಾತ್ರ ಒಪ್ಪುತ್ತೇನೆ. ನಿಮ್ಮ ಡಿ.ವಿ.ಡಿ. ಪ್ಲೇಯರಿನ ಹಿಂದಿನ ಕೆಂಪು-ಬಿಳಿ ಸಾಕೆಟ್ಟಿನಿಂದ ಬರುವ ಧ್ವನಿ ಕೆಟ್ಟದಾಗಿರಬಹುದು. ಅಗ್ಗದ ಡಿ.ವಿ.ಡಿ. ಪ್ಲೇಯರುಗಳಲ್ಲಿ ಆ ಭಾಗಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹಿಂದೆ ಅಂಕಿಗಳನ್ನೇ ಹೊರಗೆ ಕೊಡುವ ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಸಾಕೆಟ್ ಇದೆಯಾ ನೋಡಿ. ಇದ್ದರೆ ಒಂದು ಸಣ್ಣ ಡ್ಯಾಕ್ ತಂದು ಅದರ ಮೂಲಕ ಆಂಪಿಗೆ ಜೋಡಿಸಿ ಒಂದಷ್ಟು ದಿನ ಕೇಳಿ. ಲಕ್ಷಗಳ ಮಾತಿಗೆ ಹೋಗುವ ಮುಂಚೆ ಈ ಕೆಲವು ಸಾವಿರದ ಪರೀಕ್ಷೆ ಆಗಲೇಬೇಕು.

ಹಾಗಾದರೆ ಶೋರೂಮಿನಲ್ಲಿ ತಂಬೂರಿ ಬೇರೆಯಾಗಿ ಕೇಳಿಸಿತಲ್ಲ, ಅದು ಸುಳ್ಳಾ? ಸುಳ್ಳಲ್ಲ. ಅಲ್ಲಿನ ಸ್ಪೀಕರ್ ಬೇರೆ, ಕೋಣೆ ಬೇರೆ, ಆಂಪ್ ಬೇರೆ. ಪ್ಲೇಯರ್ ಒಂದನ್ನೇ ಅದಲುಬದಲು ಮಾಡಿ ಕೇಳಿಸಿದ್ದರೂ ಇನ್ನೊಂದು ಸೂಕ್ಷ್ಮವಿದೆ. ಸಿ.ಡಿ. ಪ್ಲೇಯರಿನ ಔಟ್‌ಪುಟ್ ರೂಢಿಯಲ್ಲಿ 2 ವೋಲ್ಟ್. ದುಬಾರಿ ಮಾದರಿಗಳಲ್ಲಿ ಕೆಲವು 2.5 ವೋಲ್ಟ್ ಕೊಡುತ್ತವೆ, ಅಂದರೆ ಹತ್ತಿರಹತ್ತಿರ 2 ಡೆಸಿಬೆಲ್ ಹೆಚ್ಚು. ಇಷ್ಟು ಸಣ್ಣ ಏರಿಕೆ ನಮ್ಮ ಕಿವಿಗೆ "ಜೋರಾಗಿದೆ" ಅಂತ ಕೇಳಿಸುವುದಿಲ್ಲ, "ತುಂಬಿಕೊಂಡಿದೆ, ತೆರೆದುಕೊಂಡಿದೆ" ಅಂತ ಕೇಳಿಸುತ್ತದೆ. ವಾಲ್ಯೂಮ್ ಗುಂಡಿ ಮುಟ್ಟದೆ ಎರಡು ಪ್ಲೇಯರ್ ಹೋಲಿಸಿ ತೋರಿಸಿದರೆ ಗೆಲ್ಲುವುದು ಹೆಚ್ಚು ವೋಲ್ಟಿನದೇ. ಮಾರುವವರು ಬೇಕಂತಲೇ ಮಾಡುತ್ತಾರೆ ಅಂತಲ್ಲ, ಅವರಲ್ಲೂ ಎಷ್ಟೋ ಜನ ಅದನ್ನು ಮನಸಾರೆ ನಂಬಿದ್ದಾರೆ.

ಪರೀಕ್ಷಿಸುವ ಮನಸ್ಸಿದ್ದರೆ ದಾರಿ ಸುಲಭ. ಪ್ಲೇಯರನ್ನು ಒಂದು ವಾರಾಂತ್ಯಕ್ಕೆ ಮನೆಗೆ ಕೊಡುತ್ತಾರಾ ಕೇಳಿ. ಎರಡೂ ಪ್ಲೇಯರನ್ನು ಆಂಪಿನ ಬೇರೆಬೇರೆ ಇನ್‌ಪುಟ್ಟಿಗೆ ಹಾಕಿ. 1 ಕಿಲೋಹರ್ಟ್ಜ್ ಟೋನ್ ಇರುವ ಡಿಸ್ಕ್ ಓಡಿಸಿ, ಸ್ಪೀಕರ್ ತಂತಿಯ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ, ಎರಡರ ವೋಲ್ಟೇಜೂ ಶೇಕಡಾ ಒಂದರೊಳಗೆ ಹೊಂದುವ ಹಾಗೆ ವಾಲ್ಯೂಮ್ ಗುರುತು ಮಾಡಿಕೊಳ್ಳಿ. ಆಮೇಲೆ ಒಂದೇ ಡಿಸ್ಕಿನ ಎರಡು ಪ್ರತಿಗಳನ್ನು ಹಾಕಿ, ಮಗಳೋ ಮಗನೋ ಹಿಂದೆ ನಿಂತು ನಾಣ್ಯ ಚಿಮ್ಮಿ ಬದಲಾಯಿಸಲಿ, ನೀವು ಯಾವುದೆಂದು ಹೇಳುತ್ತಾ ಹೋಗಿ. 16 ಸಲದಲ್ಲಿ 12 ಸರಿ ಬಂದರೆ ನಿಮ್ಮ ಕಿವಿ ಏನನ್ನೋ ಹಿಡಿದಿದೆ. ಬರೀ ಊಹೆಯಿಂದ ಅಷ್ಟು ಸರಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕು. ಹೀಗೆ ಗೆದ್ದು ಬಂದವರ ಮುಂದೆ ನಾನು ವಾದ ಮಾಡುವುದಿಲ್ಲ, ಧಾರಾಳವಾಗಿ ಕೊಳ್ಳಲಿ.

2007ರಲ್ಲಿ ಬ್ರಾಡ್ ಮೇಯರ್, ಡೇವಿಡ್ ಮೊರಾನ್ ಎಂಬ ಇಬ್ಬರು ಅಮೆರಿಕನ್ನರು ಇಂಥದೇ ಪರೀಕ್ಷೆಯನ್ನು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಸ್‌.ಎ.ಸಿ.ಡಿ.ಯಂಥ ಉನ್ನತ ದರ್ಜೆಯ ಡಿಸ್ಕಿನ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ನಡುವೆ ಸಿ.ಡಿ.ಯ 16 ಬಿಟ್ ಜರಡಿ ಹಿಡಿದು ಕೇಳಿಸಿದರು. ಆ ಜರಡಿ ಒಂದು ಸಿ.ಡಿ. ರೆಕಾರ್ಡರ್, ಲಕ್ಷಗಟ್ಟಲೆಯ ಡ್ಯಾಕ್ ಏನಲ್ಲ. 554 ಸಲ ಕೇಳಿಸಿದ್ದರಲ್ಲಿ ಸರಿ ಉತ್ತರ 276, ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಬಳಸಿದ ಡಿಸ್ಕುಗಳ ಬಗ್ಗೆ ಆಮೇಲೆ ಆಕ್ಷೇಪಗಳೂ ಬಂದವು. ಅದೇನೇ ಇರಲಿ, ಸಾಧಾರಣ ಪೆಟ್ಟಿಗೆಯೊಂದು ನಡುವೆ ಬಂದು ಕೂತದ್ದು ಕೇಳುಗರಿಗೆ ಗೊತ್ತಾಗಲಿಲ್ಲ ಅನ್ನುವಷ್ಟು ನಮ್ಮ ವಿಷಯಕ್ಕೆ ಸಾಕು.

ಬೇಕಂತಲೇ ಬಣ್ಣ ಕಟ್ಟುವ ದುಬಾರಿ ಪ್ಲೇಯರುಗಳೂ ಇವೆ. ಹಳೆಯ ರೇಡಿಯೊಗಳಲ್ಲಿದ್ದಂಥ ವಾಲ್ವ್ ಹಾಕಿದವು, ಓವರ್‌ಸ್ಯಾಂಪ್ಲಿಂಗ್ ಬಿಟ್ಟವು. ಎರಡನೆಯ ಬಗೆಯದರಲ್ಲಿ 20 ಕಿಲೋಹರ್ಟ್ಜ್ ಹತ್ತಿರ ಮೂರು ಡೆಸಿಬೆಲ್ ಇಳಿದಿರುತ್ತದೆ, ಹಾಗಾಗಿ ಎಳೆಯ ಕಿವಿಗೆ ಮೃದು ಅನ್ನಿಸಬಹುದು. ಅದೇ ಮೃದುತ್ವವನ್ನು ಆಂಪಿನ ಟ್ರೆಬಲ್ ಗುಂಡಿ ಪುಕ್ಕಟೆ ಕೊಡುತ್ತದೆ.

ಈಗ ನಿಮ್ಮ ಸಂಗ್ರಹದ ಕಡೆ ಬನ್ನಿ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅಂತ ಬರೆದಿದ್ದೀರಿ. ಇವರ ಹಾಡಿಕೆಯಲ್ಲಿ ಇಂದು ಸಿ.ಡಿ.ಯಾಗಿ ಸಿಗುವ ಬಹುಪಾಲು ಟೇಪಿನಿಂದ ಇಳಿಸಿಕೊಂಡದ್ದು. ಆಕಾಶವಾಣಿಯ ಭಂಡಾರದಿಂದ ಬಂದವು, ಖಾಸಗಿ ಬೈಠಕ್‌ಗಳಲ್ಲಿ ಯಾರೋ ಪುಣ್ಯಾತ್ಮರು ಹಿಡಿದಿಟ್ಟವು, ಇನ್ನೂ ಹಿಂದಿನವಾದರೆ ಮೂರು ನಿಮಿಷದ 78 ಆರ್‌ಪಿಎಂ ತಟ್ಟೆಗಳು. ಒಳ್ಳೆಯ ಟೇಪಿನ ವ್ಯಾಪ್ತಿಯೇ 60-70 ಡೆಸಿಬೆಲ್. ಸಿ.ಡಿ. ಎಂಬ ಪಾತ್ರೆ ಅದಕ್ಕಿಂತ ಎಷ್ಟೋ ದೊಡ್ಡದು, ನಿಮ್ಮ ಡಿಸ್ಕುಗಳು ಅದನ್ನು ತುಂಬಿಸಿಯೇ ಇಲ್ಲ. ಮೈಕಿನಿಂದ ದೂರ ಕೂತ ತಂಬೂರಿ, ಸಭೆಯಲ್ಲಿ ಕೆಮ್ಮಿದವರು, ಟೇಪಿನ ಹಿಸ್ ಎಲ್ಲವೂ ಯಾವ ಪ್ಲೇಯರಿನಲ್ಲಾದರೂ ಹಾಗೇ ಇರುತ್ತವೆ. (ನನಗಂತೂ ಆ ಹಿಸ್ ಇಷ್ಟ. ಅದನ್ನು ಸಾಫ್ಟ್‌ವೇರಿನಿಂದ ಉಜ್ಜಿ ತೆಗೆದ ಮರುಮುದ್ರಣಗಳಲ್ಲಿ ತಂಬೂರಿಯೂ ಅರ್ಧ ಹೋಗಿರುತ್ತದೆ.)

ತಂಬೂರಿ ಬೇಕೆಂದರೆ ಹಣ ಹಾಕಬೇಕಾದ ಜಾಗ ಸ್ಪೀಕರ್. ಯಾವುದೇ ನೆಟ್ಟಗಿನ ಸಿ.ಡಿ. ಪ್ಲೇಯರ್ 20 ಹರ್ಟ್ಜಿನಿಂದ 20 ಕಿಲೋಹರ್ಟ್ಜ್ ತನಕ ಅರ್ಧ ಡೆಸಿಬೆಲಿನೊಳಗೇ ಸಮನಾಗಿರುತ್ತದೆ. ಒಳ್ಳೆಯ ಸ್ಪೀಕರಿನಲ್ಲೇ ಮೂರು ಡೆಸಿಬೆಲ್ ಮೇಲೆ ಕೆಳಗೆ ಆಗುವುದು ಸಾಮಾನ್ಯ. ಅದರ ಮೇಲೆ ಕೋಣೆಯ ಕಾಟ. ನಿಮ್ಮ ಹಾಲಿನ 14 ಅಡಿ ಉದ್ದಕ್ಕೆ 40 ಹರ್ಟ್ಜ್, 80 ಹರ್ಟ್ಜ್ ಸುತ್ತ, 12 ಅಡಿ ಅಗಲಕ್ಕೆ 47ರ ಸುತ್ತ ಮಂದ್ರ ಗುಮ್ಮೆನ್ನುತ್ತದೆ. ತಬಲದ ಬಾಯಾ, ಮೃದಂಗದ ಎಡಬದಿ ಒಂದು ಜಾಗದಲ್ಲಿ ಎದೆಗೆ ಗುದ್ದಿ, ಮೂರಡಿ ಆಚೆ ಕಾಣೆಯಾಗುವುದು ಇದರಿಂದಲೇ. ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ ಎರಡಡಿ ಮುಂದೆ ಎಳೆದು ಕೇಳಿ ನೋಡಿ. ವಿಟ್ರಿಫೈಡ್ ಟೈಲ್ಸ್ ನೆಲ, ಖಾಲಿ ಗೋಡೆ, ಗಾಜಿನ ಕಿಟಕಿ ಇರುವ ಹಾಲಿನಲ್ಲಿ ಸ್ಪೀಕರ್ ಮುಂದೆ ದಪ್ಪ ಜಮಖಾನ ಹಾಸಿ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು ಸರಿಸಿದರೆ ಆಗುವ ಬದಲಾವಣೆಯನ್ನು ಕೇಳಲು ನಾಣ್ಯ ಚಿಮ್ಮುವ ಅಗತ್ಯವೇ ಬೀಳುವುದಿಲ್ಲ.

ಇಷ್ಟಾದ ಮೇಲೂ ಆ ಪ್ಲೇಯರ್ ಬೇಕು ಅನ್ನಿಸಿದರೆ ನನಗೆ ಅರ್ಥವಾಗುತ್ತದೆ. ಸದ್ದಿಲ್ಲದೆ ಹೊರಬರುವ ಟ್ರೇ, ಅಲ್ಯೂಮಿನಿಯಮ್ಮಿನ ಒಂದೇ ತುಂಡಿನಲ್ಲಿ ಕೊರೆದ ಮೈ, ಬೆರಳಿಗೆ ಹಿತವಾದ ಗುಂಡಿ, ಇವೆಲ್ಲ ಸುಖವೇ. ಎಚ್‌ಎಂಟಿ ಕ್ವಾರ್ಟ್ಜ್ ಸರಿಯಾದ ಸಮಯ ತೋರಿಸುತ್ತಿದ್ದರೂ ಸ್ವಿಸ್ ವಾಚು ಕೊಳ್ಳುವವರಿದ್ದಾರಲ್ಲ. ಆದರೆ ವಾಚಿಗಿಲ್ಲದ ಅಪಾಯವೊಂದು ಇಲ್ಲಿದೆ, ಮೇಲೆ ಹೇಳಿದ ಪಿಕಪ್.

ರಿಪೇರಿಯವರು "ಲೆನ್ಸ್ ಹೋಗಿದೆ ಸಾರ್" ಅನ್ನುವುದು ಇದಕ್ಕೇ. 780 ನ್ಯಾನೊಮೀಟರಿನ ಪುಟ್ಟ ಲೇಸರ್, ಅದರ ಮಸೂರ, ಅದನ್ನು ಕ್ಷಣಕ್ಷಣವೂ ಸರಿಸುವ ಸುರುಳಿಗಳು. ಓಡಿದಷ್ಟೂ ಲೇಸರ್ ಮಂಕಾಗುತ್ತದೆ, ಧೂಳು ಕೂರುತ್ತದೆ, ಗ್ರೀಸ್ ಒಣಗುತ್ತದೆ. ಇಡೀ ಪ್ಲೇಯರಿನಲ್ಲಿ ನಿಶ್ಚಯವಾಗಿ ಸವೆಯುವ ಭಾಗ ಇದು, ಲಕ್ಷದ ಪ್ಲೇಯರುಗಳಲ್ಲೂ ಇದು ಹೆಚ್ಚಾಗಿ ಹೊರಗಿನಿಂದ ಕೊಂಡದ್ದೇ. ಸೋನಿಯ ಕೆಎಸ್‌ಎಸ್-213, ಸ್ಯಾನ್ಯೋದ ಎಸ್‌ಎಫ್-ಪಿ101ಎನ್ ಅಗ್ಗದ ಟೂ-ಇನ್-ಒನ್‌ಗಳಲ್ಲೂ ಕೂತಿದ್ದವು, ಭಾರಿ ಬೆಲೆಯ ಪೆಟ್ಟಿಗೆಗಳಲ್ಲೂ ಕೂತಿದ್ದವು. ಅಂಥ ಪೆಟ್ಟಿಗೆ ಕೊಂಡವರೇ ಅದೃಷ್ಟವಂತರು, ಎಸ್‌.ಪಿ. ರೋಡಿನ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಅಂಗಡಿಗಳಲ್ಲಿ ಹುಡುಕಿದರೆ ಏನಾದರೂ ದಾರಿಯಾಗುತ್ತದೆ. ಫಿಲಿಪ್ಸ್‌ನ ಸಿಡಿಎಂ-ಪ್ರೊ2 ಇದ್ದ ಘನವಾದ ಪ್ಲೇಯರುಗಳ ಪಾಡು ಬೇರೆ. ಫಿಲಿಪ್ಸ್ ಅದನ್ನು ತಯಾರಿಸುವುದನ್ನೇ ನಿಲ್ಲಿಸಿತು, ಈಗ ಸಿಗುವ ಹಳೆಯ ದಾಸ್ತಾನಿಗೆ ಬಾಯಿಗೆ ಬಂದ ಬೆಲೆ. ಹುಬ್ಬಳ್ಳಿಯ ಪರಿಚಯದವರೊಬ್ಬರ ಹತ್ತಿರ ಹದಿನೆಂಟು ಕಿಲೋ ತೂಗುವ ಪ್ಲೇಯರ್ ಇದೆ. ಡಿಸ್ಕ್ ಹಾಕಿದರೆ ಓದುವುದಿಲ್ಲ. ತಯಾರಕರು "ಬಿಡಿಭಾಗ ಇಲ್ಲ" ಎಂದು ಒಂದೇ ಸಾಲಿನ ಉತ್ತರ ಬರೆದರು.

ಈಗಿನ ದುಬಾರಿ ಪ್ಲೇಯರುಗಳಲ್ಲಿ ಟಿಯಾಕ್‌ನವರ ಎಸೋಟೆರಿಕ್ ತನ್ನದೇ ವಿಆರ್‌ಡಿಎಸ್ ಎಂಬ ಡಿಸ್ಕ್ ತಿರುಗಿಸುವ ಯಂತ್ರ ಕಟ್ಟುತ್ತದೆ. ವಿಯೆನ್ನಾದ ಸ್ಟ್ರೀಮ್‌ಅನ್‌ಲಿಮಿಟೆಡ್ ಸಿ.ಡಿ.ಗೆಂದೇ ಯಂತ್ರಭಾಗ ತಯಾರಿಸಿ ಬೇರೆ ಕಂಪನಿಗಳಿಗೆ ಕೊಡುತ್ತದೆ. ನೀವು ನೋಡಿದ್ದರಲ್ಲಿ ಯಾವುದಿದೆ ಕೇಳಿ, ಬದಲಿ ಪಿಕಪ್ಪಿನ ಬೆಲೆಯನ್ನು ಬಿಲ್ಲಿನ ಜೊತೆ ಬರೆಸಿಕೊಳ್ಳಿ. ಆಗುವುದಾದರೆ ಒಂದನ್ನು ಈಗಲೇ ಕೊಂಡು ಬೀರುವಿನಲ್ಲಿಡಿ. ವಿದೇಶದಲ್ಲಿರುವ ತಮ್ಮನ ಕೈಲಿ ತರಿಸುವ ಯೋಚನೆಯಿದ್ದರೆ ಹಿಂಬದಿಯ ವೋಲ್ಟೇಜ್ ಓದಲು ಹೇಳಿ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120, ನಮ್ಮ 230ಕ್ಕೆ ನೇರ ಚುಚ್ಚಿದರೆ ಕಥೆ ಮುಗಿಯಿತು.

ಯಾವುದನ್ನು ಕೊಂಡರೂ ಕೊಳ್ಳದಿದ್ದರೂ ಡಿಸ್ಕುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶದಲ್ಲಿ ತೆಗೆದು ಫ್ಲ್ಯಾಕ್ ಎಂಬ ಕಡತದ ರೂಪದಲ್ಲಿ ಉಳಿಸಿ. ಒಂದು ಬಿಟ್ಟೂ ಕಳೆಯದೆ ಗಾತ್ರ ಅರ್ಧದ ಹತ್ತಿರಕ್ಕೆ ಬರುತ್ತದೆ, ಆರುನೂರು ಡಿಸ್ಕೂ ಸೇರಿ 200 ಜಿಬಿ ಆಸುಪಾಸು. ಆಕ್ಯುರೇಟ್‌ರಿಪ್ ಎಂಬ ವ್ಯವಸ್ಥೆ ನಿಮ್ಮ ಪ್ರತಿಯನ್ನು ಬೇರೆಯವರು ಅದೇ ಡಿಸ್ಕಿನಿಂದ ತೆಗೆದದ್ದರ ಜೊತೆ ತಾಳೆ ನೋಡುತ್ತದೆ. ನಮ್ಮ ಸಣ್ಣ ಕಂಪನಿಗಳ ಡಿಸ್ಕು ಅಲ್ಲಿ ಇಲ್ಲದಿದ್ದರೆ ಎರಡು ಸಲ ತೆಗೆದು ಎರಡನ್ನೂ ಹೋಲಿಸಿ. ಸಂಗೀತ ಕಚೇರಿಗಳ ಹೊರಗೆ ಮೇಜು ಹಾಕಿ ಮಾರುತ್ತಿದ್ದ, ಕೆಳಬದಿ ಹಸಿರೋ ನೀಲಿಯೋ ಇರುವ ಡಿಸ್ಕುಗಳಿದ್ದರೆ ಅವಕ್ಕೇ ಮೊದಲ ಸರದಿ. ಅವು ಅಚ್ಚು ಹಾಕಿದವಲ್ಲ, ಬರ್ನ್ ಮಾಡಿದವು. ಒಳಗಿನ ಬಣ್ಣ ಮಾಸಿದರೆ ಲಕ್ಷದ ಪ್ಲೇಯರೂ ಓದದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರೂವರೆ ಲಕ್ಷದಲ್ಲಿ ಅರ್ಧದ ತನಕ ಸ್ಪೀಕರಿಗೆ ಇಡುತ್ತಿದ್ದೆ. ಯಮಹಾ, ಡೆನಾನ್, ಮರಾಂಟ್ಜ್‌ನವರ ಆರಂಭಿಕ ಸಿ.ಡಿ. ಪ್ಲೇಯರ್ ಒಂದನ್ನು ತರುತ್ತಿದ್ದೆ, ಅವು ಲಕ್ಷದ ತನಕ ಹೋಗುವುದಿಲ್ಲ. ಉಳಿದದ್ದನ್ನು ಬ್ಯಾಂಕಿನಲ್ಲೇ ಬಿಡುತ್ತಿದ್ದೆ. ಆದರೆ ಅದಕ್ಕೂ ಮುಂಚೆ ಇವತ್ತು ಸಂಜೆಯೇ ಸ್ಪೀಕರಿನ ಮುಂದಿನ ಬಟ್ಟೆ ತೆಗೆದು, ಕೋನಿನ ಸುತ್ತ ಇರುವ ಉಂಗುರವನ್ನು ಮೆಲ್ಲಗೆ ಮುಟ್ಟಿ ನೋಡಿ. ಅದು ರಬ್ಬರಾಗಿದ್ದರೆ ಚಿಂತೆಯಿಲ್ಲ. ಫೋಮ್ ಆಗಿದ್ದರೆ ಹದಿನೈದು ವರ್ಷಕ್ಕೆ ಪುಡಿಯಾಗಿರುವ ಸಾಧ್ಯತೆ ಬಹಳ. ಬೆರಳಿಗೆ ಕಪ್ಪು ಪುಡಿ ಅಂಟಿದರೆ ಉಂಗುರ ಬದಲಾಯಿಸುವವರನ್ನು ಹುಡುಕಿ. ಆ ಕೆಲಸಕ್ಕೆ ಹೊಸ ಸ್ಪೀಕರಿನ ಬೆಲೆಯ ಸಣ್ಣ ಪಾಲು ಸಾಕು, ಮಂದ್ರವೂ ವಾಪಸ್ ಬರುತ್ತದೆ.